ಅಗ್ಗದ ಟ್ಯಾಬ್: ರಿಪೇರಿಯವರನ್ನು ಕೇಳಿ

ಒಬ್ಬ ತಾಯಿ: ಅಣ್ಣ, ಮಗಳ ಓದಿಗೆ ತಗೊಂಡ ಅಗ್ಗದ ಟ್ಯಾಬ್. ಸ್ಕ್ರೀನ್ ಒಂದು ಮೂಲೆಯಲ್ಲಿ ಎದ್ದಿದೆ, ಸಂದಿಯಲ್ಲಿ ಬೆಳಕು ಕಾಣುತ್ತೆ. ಆನ್ ಆಗುತ್ತೆ, ಪಾಠನೂ ನೋಡ್ತಾಳೆ. ಗಮ್ ಹಾಕಿ ಅಂಟಿಸಬಹುದಾ?

ರಿಪೇರಿಯವರು: ಬೇಡ ಅಮ್ಮ. ಈಗಲೇ ಆಫ್ ಮಾಡಿ, ಚಾರ್ಜಿಗೆ ಹಾಕಲೇಬೇಡಿ. ಸ್ಕ್ರೀನ್ ಕೆಟ್ಟಿಲ್ಲ, ಒಳಗೆ ಬ್ಯಾಟರಿ ಊದಿಕೊಂಡಿದೆ. ಇದರಲ್ಲಿರುವುದು ತೆಳು ಹಾಳೆಯ ಚೀಲದಲ್ಲಿರುವ ಲಿಥಿಯಂ ಬ್ಯಾಟರಿ. ಬಿಸಿ ಜಾಸ್ತಿಯಾದರೆ, ಹಳತಾದರೆ ಒಳಗೆ ಗ್ಯಾಸ್ ಕಟ್ಟುತ್ತದೆ. ಗಟ್ಟಿ ಕವಚ ಇರುವುದಿಲ್ಲ, ಹಾಗಾಗಿ ಊದಿ ಸ್ಕ್ರೀನನ್ನೇ ತಳ್ಳುತ್ತದೆ. ಒತ್ತಿ ಕೂರಿಸಲು ಹೋದರೆ ಒಳಗಿನ ಪದರಗಳು ತಾಗಿ, ಶಾರ್ಟ್ ಆಗಿ ಬೆಂಕಿ ಹತ್ತಬಹುದು. ಹಾಸಿಗೆ, ಬಟ್ಟೆಯಿಂದ ದೂರ ಬರೀ ನೆಲದ ಮೇಲಿಡಿ. ರಾತ್ರಿಯಿಡೀ ಚಾರ್ಜಿಗೆ ಹಾಕ್ತಿದ್ರಾ? ಚಾರ್ಜರ್ ಅದರದ್ದೇನಾ?

ತಾಯಿ: ಹೂಂ ಅಣ್ಣ, ದಿಂಬಿನ ಪಕ್ಕದಲ್ಲೇ. ಚಾರ್ಜರ್ ಸಂತೆಯಲ್ಲಿ ತಗೊಂಡಿದ್ದು.

ರಿಪೇರಿಯವರು: ದಿಂಬಿನ ಪಕ್ಕ!! ಚಾರ್ಜರನ್ನೂ ತನ್ನಿ. ಬ್ಯಾಟರಿ ಬದಲಿಸಿದರೆ ಟ್ಯಾಬ್ ಉಳಿಯಬಹುದು.

ಸದಸ್ಯರೊಬ್ಬರು: ಫಾರ್ವರ್ಡ್ ಬಂದಿದೆ: ಊದಿದ ಬ್ಯಾಟರಿಗೆ ಸೂಜಿ ಚುಚ್ಚಿ ಗಾಳಿ ಬಿಟ್ಟು, ಒಂದು ರಾತ್ರಿ ಫ್ರಿಜ್ಜಿನಲ್ಲಿಟ್ಟರೆ ಸರಿಹೋಗುತ್ತೆ 🙏

ರಿಪೇರಿಯವರು: ದಯವಿಟ್ಟು ಅಳಿಸಿ. ಅದು ಗಾಳಿಯಲ್ಲ, ಹತ್ತಿಕೊಳ್ಳುವ ಗ್ಯಾಸ್. ಚುಚ್ಚಿದರೆ ಮುಖದ ಮುಂದೆಯೇ ಉರಿಯಬಹುದು. ಫ್ರಿಜ್ಜಿನಲ್ಲಿಡಲು ಅದೇನು ಮೊಸರಾ?

ಒಬ್ಬ ತಂದೆ: ನಮ್ಮ ಟ್ಯಾಬ್ ತುಂಬಾ ಸ್ಲೋ. ರ್‍ಯಾಮ್ ಜಾಸ್ತಿ ಹಾಕಿಸಬಹುದಾ?

ರಿಪೇರಿಯವರು: ಆಗಲ್ಲ. ಬೋರ್ಡಿಗೇ ಬೆಸುಗೆ ಹಾಕಿರುತ್ತಾರೆ.

ಇನ್ನೊಬ್ಬರು: ಸರ್, ರ್‍ಯಾಮ್ ಹಾಕಲು ಎಷ್ಟಾಗುತ್ತೆ?

ರಿಪೇರಿಯವರು: ಮೇಲೆ ಓದಿ.

ಮೇಷ್ಟ್ರು: ಅಗ್ಗದ ಟ್ಯಾಬಿನ ಹಣೆಬರಹವೇ ಇಷ್ಟು. 2011ರ ಅಕ್ಟೋಬರಿನಲ್ಲಿ ಆಗಿನ ಕೇಂದ್ರ ಶಿಕ್ಷಣ ಖಾತೆ ಸಚಿವ ಕಪಿಲ್ ಸಿಬಲ್ ವಿದ್ಯಾರ್ಥಿಗಳಿಗೆಂದು 'ಆಕಾಶ್' ಅನ್ನೋ ಅಗ್ಗದ ಟ್ಯಾಬ್ ಬಿಡುಗಡೆ ಮಾಡಿದರಲ್ಲ? ಬೆಲೆ ಸುಮಾರು 50 ಡಾಲರ್, ರ್‍ಯಾಮ್ 256 ಎಂಬಿ. ಒತ್ತಿ ಒತ್ತಿ ಮುಟ್ಟಬೇಕಾದ ಸ್ಕ್ರೀನ್.

ತಂದೆ: ಸುಮ್ನೆ ಹಳಿಯಬೇಡಿ. 2012ರ ಆಕಾಶ್ 2ರಲ್ಲಿ 512 ಎಂಬಿ ಇತ್ತು, ಸ್ಕ್ರೀನೂ ಬೆರಳು ಸೋಕಿದರೆ ಸಾಕು ಅನ್ನುವಂಥದ್ದು. ಬಡವರ ಮಕ್ಕಳಿಗೂ ಟ್ಯಾಬ್ ಸಿಗಲಿ ಅಂದದ್ದು ತಪ್ಪಾ?

ವಿದ್ಯಾರ್ಥಿ: ಪಿಯುಸಿಗೆ 6000 ರೂಪಾಯಿ ಒಳಗೆ ಯಾವ ಟ್ಯಾಬ್ ತಗೊಳ್ಳಲಿ ಸರ್?

ಮೇಷ್ಟ್ರು: ಬಡವರ ಮಕ್ಕಳಿಗೂ ಸಿಗಲಿ, ಬೇಡ ಅಂದೋರ್ಯಾರು? ಕೆಟ್ಟರೆ ಬಿಡಿಭಾಗ ಎಲ್ಲಿ? ನಿಮ್ಮ ಮಗ ಐಪ್ಯಾಡಿನಲ್ಲಿ ಓದ್ತಾನೆ, ನಮ್ಮ ಶಾಲೆ ಮಕ್ಕಳಿಗೆ ಇದೇ ಸಾಕು ಅಂತೀರಿ.

ತಂದೆ: ಐಪ್ಯಾಡ್ ಇದ್ದಿದ್ರೆ ಇಲ್ಲಿ ರ್‍ಯಾಮ್ ಯಾಕ್ರೀ ಕೇಳ್ತಿದ್ದೆ?

ರಿಪೇರಿಯವರು: ಜಗಳ ಬೇರೆ ಕಡೆ ಆಡಿ. ಅಮ್ಮ, ಆಫ್ ಮಾಡಿದ್ರಾ?

ತಾಯಿ: ಮಾಡಿದೆ. ನಾಳೆ ಸಂಜೆ ತರ್ತೀನಿ.

ರಿಪೇರಿಯವರು: ಬೆಳಿಗ್ಗೆಯೇ ತನ್ನಿ. ಬಿಗಿಯಾಗಿ ಮುಚ್ಚಿದ ಡಬ್ಬದಲ್ಲಿ ಬೇಡ.

ಸದಸ್ಯರೊಬ್ಬರು: ಅಕ್ಕಿಯಲ್ಲಿ ಹೂತಿಟ್ಟು ತಂದರೆ?

ರಿಪೇರಿಯವರು: ಅಕ್ಕಿ ಅನ್ನಕ್ಕೆ.