ಡಿಮೆನ್ಷಿಯಾದಲ್ಲಿ ಮಿದುಳಿನ ಗ್ರಾಹಕಗಳ ಪೆಟ್ ಸ್ಕ್ಯಾನ್: ಔಷಧಿ ಆರಿಸಲು ನೆರವಾಗುತ್ತದೆಯೇ?

ಪ್ರಶ್ನೆ
ನಮ್ಮ ತಂದೆಯವರಿಗೆ ಆಲ್‌ಝೈಮರ್ ಇರಬಹುದೆಂದು ವೈದ್ಯರು ಹೇಳಿದ್ದಾರೆ. ಎಂಆರ್‌ಐಯಲ್ಲಿ ಮಿದುಳು ಕುಗ್ಗಿರುವುದು ಕಂಡಿದೆ. ನರಕೋಶಗಳ ನಡುವೆ ಸಂದೇಶ ಒಯ್ಯುವ ಸೆರೊಟೋನಿನ್, ಅಸಿಟೈಲ್‌ಕೋಲಿನ್ ಮುಂತಾದ ರಾಸಾಯನಿಕಗಳ ಗ್ರಾಹಕಗಳನ್ನು (ಆ ಸಂದೇಶವನ್ನು ಹಿಡಿಯುವ ಪ್ರೊಟೀನುಗಳನ್ನು) ಪೆಟ್ ಸ್ಕ್ಯಾನಿನಲ್ಲಿ ಅಳೆಯಬಹುದು ಎಂದು ಓದಿದ್ದೇನೆ. ಯಾವ ಗ್ರಾಹಕ ಕಡಿಮೆಯಾಗಿದೆಯೆಂದು ನೋಡಿ ಅದಕ್ಕೆ ತಕ್ಕ ಔಷಧಿ ಕೊಡಬಹುದಲ್ಲವೇ?

ಉತ್ತರ 1
ಅಳೆಯಬಹುದು, ಆದರೆ ಅದು ಇಂದಿಗೂ ಬಹುಮಟ್ಟಿಗೆ ಸಂಶೋಧನೆಯ ಸಾಧನವೇ. ಗೊತ್ತಾದ ಒಂದು ಗ್ರಾಹಕಕ್ಕೆ ಅಂಟಿಕೊಳ್ಳುವ ಅಣುವಿಗೆ ವಿಕಿರಣ ಸೂಸುವ ಕಾರ್ಬನ್-11 ಅಥವಾ ಫ್ಲೋರಿನ್-18 ಸೇರಿಸಿ, ಔಷಧದ ಪರಿಣಾಮ ಆಗದಷ್ಟು ಅಲ್ಪ ಪ್ರಮಾಣದಲ್ಲಿ ರಕ್ತನಾಳಕ್ಕೆ ಕೊಡುತ್ತಾರೆ. ಅದು ಎಲ್ಲೆಲ್ಲಿ ಅಂಟಿದೆಯೆಂದು ಆ ವಿಕಿರಣದಿಂದ ಸ್ಕ್ಯಾನ್ ತೋರಿಸುತ್ತದೆ. ಕಾರ್ಬನ್-11ರ ಅರ್ಧಾಯುಷ್ಯ (ಅರ್ಧದಷ್ಟು ಕ್ಷಯಿಸಲು ಹಿಡಿಯುವ ಸಮಯ) ಸುಮಾರು 20 ನಿಮಿಷ ಮಾತ್ರವಾದ್ದರಿಂದ ಅದನ್ನು ತಯಾರಿಸುವ ಸೈಕ್ಲೋಟ್ರಾನ್ ಹತ್ತಿರದಲ್ಲೇ ಇರಬೇಕಾಗುತ್ತದೆ. ಆಲ್‌ಝೈಮರ್ ರೋಗಿಗಳ ಮಿದುಳಿನ ಹೊರಪದರದಲ್ಲಿ ಸೆರೊಟೋನಿನ್ 2ಎ ಗ್ರಾಹಕಗಳು ಕಡಿಮೆಯಿರುವುದನ್ನು ಹಲವು ಅಧ್ಯಯನಗಳು ತೋರಿಸಿವೆ. ಆದರೆ ಅದು ಗುಂಪಿನ ಸರಾಸರಿ. ವಯಸ್ಸಾದಂತೆ ಈ ಗ್ರಾಹಕಗಳು ಆರೋಗ್ಯವಂತರಲ್ಲೂ ಇಳಿಯುತ್ತವೆ, ಹಾಗಾಗಿ ಒಬ್ಬ ವ್ಯಕ್ತಿಯ ಅಂಕಿಯಿಂದ ತೀರ್ಮಾನಕ್ಕೆ ಬರುವುದು ಕಷ್ಟ. ಇನ್ನು ಆಲ್‌ಝೈಮರಿಗೆ ಕೊಡುವ ಔಷಧಿ ಡೊನೆಪೆಜಿಲ್ ಯಾವ ಗ್ರಾಹಕಕ್ಕೂ ಅಂಟಿ ಕೆಲಸ ಮಾಡುವುದಿಲ್ಲ, ಅಸಿಟೈಲ್‌ಕೋಲಿನನ್ನು ಒಡೆಯುವ ಕಿಣ್ವವನ್ನು ತಡೆಯುತ್ತದೆ. ಅದನ್ನು ಕೊಡಲು ಗ್ರಾಹಕಗಳ ಸ್ಕ್ಯಾನ್ ಬೇಕಿಲ್ಲ.

ಉತ್ತರ 2
ಮಿದುಳು ಕುಗ್ಗಿದೆ ಎಂದು ತಾವೇ ಬರೆದಿದ್ದೀರಿ, ತೊಡಕು ಅಲ್ಲಿಯೇ ಇದೆ. ಪೆಟ್ ಚಿತ್ರ ಕೆಲವು ಮಿಲಿಮೀಟರಿಗಿಂತ ಸೂಕ್ಷ್ಮವಾದುದನ್ನು ಬಿಡಿಸಿ ತೋರಿಸಲಾರದು, ಹೊರಪದರದ ದಪ್ಪವೂ ಹೆಚ್ಚುಕಡಿಮೆ ಅಷ್ಟೇ. ಅದು ತೆಳುವಾದಾಗ ಪಕ್ಕದ ಮಿದುಳುದ್ರವವೂ ಲೆಕ್ಕದಲ್ಲಿ ಬೆರೆತು, ಉಳಿದ ಜೀವಕೋಶಗಳಲ್ಲಿ ಗ್ರಾಹಕಗಳು ಸರಿಯಾಗಿದ್ದರೂ ಸಂಕೇತ ಕುಗ್ಗಿದಂತೆ ಕಾಣುತ್ತದೆ. ಎಂಆರ್‌ಐ ಬಳಸಿ ತಿದ್ದುಪಡಿ ಮಾಡುತ್ತಾರೆ. ತಿದ್ದುಪಡಿಯಿಲ್ಲದ ಅಂಕಿಗಳನ್ನು ನಾನಂತೂ ನೆಚ್ಚುವುದಿಲ್ಲ.

ಪ್ರಶ್ನೆ ಕೇಳಿದವರು
ಧನ್ಯವಾದಗಳು. ತಂದೆಯವರಿಗೆ ಇಲ್ಲದ ಮನುಷ್ಯರು ಕಾಣಿಸುತ್ತಾರೆ ಎಂದಾಗ ವೈದ್ಯರು ಡ್ಯಾಟ್ ಸ್ಕ್ಯಾನ್ ಮಾಡಿಸೋಣ ಎಂದರು. ಅದೂ ಗ್ರಾಹಕಗಳ ಸ್ಕ್ಯಾನೇ?

ಉತ್ತರ 1
ಅಲ್ಲ. ಅದು ಬಿಡುಗಡೆಯಾದ ಡೋಪಮೈನ್ ಎಂಬ ಸಂದೇಶವಾಹಕವನ್ನು ನರಕೋಶದೊಳಕ್ಕೆ ಮರಳಿ ಎಳೆದುಕೊಳ್ಳುವ ಪ್ರೊಟೀನನ್ನು ತೋರಿಸುತ್ತದೆ. ಆರೋಗ್ಯವಂತರಲ್ಲಿ ಮಿದುಳಿನ ಆಳದಲ್ಲಿ ಎರಡು ಅಲ್ಪವಿರಾಮಗಳು ಬೆಳಗಿದಂತಿರುತ್ತದೆ. ಇಲ್ಲದ್ದು ಕಣ್ಣಿಗೆ ಕಾಣಿಸುವ ಇನ್ನೊಂದು ಬಗೆಯ ಡಿಮೆನ್ಷಿಯಾ ಆದ ಲ್ಯೂಯಿ ಬಾಡಿ ಡಿಮೆನ್ಷಿಯಾದಲ್ಲಿ ಸಾಮಾನ್ಯವಾಗಿ ಬಾಲ ಮಂಕಾಗಿ ಚುಕ್ಕೆ ಮಾತ್ರ ಉಳಿಯುತ್ತದೆ, ಆಲ್‌ಝೈಮರಿನಲ್ಲಿ ಬಾಲ ಹೆಚ್ಚಾಗಿ ಹಾಗೆಯೇ ಇರುತ್ತದೆ. ಫಲಿತಾಂಶ ಸಹಜವಾಗಿ ಬಂದರೂ ಲ್ಯೂಯಿ ಬಾಡಿ ಇಲ್ಲವೆಂದು ಖಚಿತವಾಗುವುದಿಲ್ಲ. ಆ ಕಾಯಿಲೆಯವರಿಗೆ ಡೋಪಮೈನ್ ಡಿ2 ಗ್ರಾಹಕಗಳನ್ನು ತಡೆಯುವ, ಭ್ರಮೆಗೆ ಕೊಡುವ ಹ್ಯಾಲೊಪೆರಿಡಾಲ್‌ನಂಥ ಔಷಧಿ ತೀವ್ರ ತೊಂದರೆ ಕೊಡಬಹುದು. ಆದ್ದರಿಂದ ಭ್ರಮೆಗೆಂದು ಯಾರಾದರೂ ಮಾತ್ರೆ ಬರೆದುಕೊಟ್ಟರೆ, ಶುರುಮಾಡುವ ಮೊದಲು ಈ ಅನುಮಾನವಿರುವುದನ್ನು ಅವರಿಗೆ ತಿಳಿಸಿ.