ಸಹಾಯ ಬೇಕು: ಹವಳದ ಟ್ಯಾಂಕಿಗೂ ಮೀನಿನ ಟ್ಯಾಂಕಿಗೂ ಒಂದೇ ಸಂಪ್ ಇಡಬಹುದಾ?

ಎಲ್ಲರಿಗೂ ನಮಸ್ಕಾರ. ನಮ್ಮದು ಬಳ್ಳಾರಿ. ಮನೆಯಲ್ಲಿ ಉಪ್ಪುನೀರಿನ ಎರಡು ಟ್ಯಾಂಕ್ ಇವೆ, ಒಂದರಲ್ಲಿ ಹವಳ, ಇನ್ನೊಂದರಲ್ಲಿ ಬರೀ ಮೀನು. ಎರಡನ್ನೂ ಒಂದೇ ಸಂಪ್ (ಟ್ಯಾಂಕಿನ ಕೆಳಗಿಟ್ಟು ನೀರು ಶುದ್ಧ ಮಾಡುವ ತೊಟ್ಟಿ), ನೊರೆಯ ಜೊತೆ ಕೊಳೆ ತೆಗೆಯುವ ಒಂದೇ ಸ್ಕಿಮ್ಮರ್‌ಗೆ ಸೇರಿಸುವ ಆಸೆ. ಬೇಸಿಗೆಯಲ್ಲಿ ಇಲ್ಲಿ 40 ಡಿಗ್ರಿ ದಾಟುತ್ತದೆ, ಹವಳಕ್ಕೆ 26ರ ಆಸುಪಾಸು ಬೇಕು. ನೀರು ತಂಪು ಮಾಡುವ ಚಿಲ್ಲರ್ ಒಂದೇ ಸಾಕಾದರೆ ಒಳ್ಳೆಯದು ಅಲ್ವಾ?

ನೀರು ಒಂದೇ ಆದಮೇಲೆ ಮೀನಿನ ಬಿಳಿ ಚುಕ್ಕೆ ರೋಗಕ್ಕೆ ತಾಮ್ರದ ಔಷಧಿ ಹಾಕುವ ಹಾಗಿಲ್ಲ, ಹವಳ, ಸೀಗಡಿ ಸಾಯುತ್ತವೆ. ಅದಕ್ಕೆ ಬೇರೆಯೇ ಒಂದು ಚಿಕ್ಕ ಟ್ಯಾಂಕ್ ಇಡುತ್ತೇನೆ. ಆದರೆ ಮೀನಿಗೆ ತಿಂಡಿ ಜಾಸ್ತಿ ಹಾಕಬೇಕು, ಅದರ ಕೊಳೆಯಿಂದ ಆಗುವ ನೈಟ್ರೇಟ್ ಹವಳದ ಕಡೆ ಏರದಂತೆ ಹೇಗೆ ನೋಡಿಕೊಳ್ಳುತ್ತೀರಿ?

ಇನ್ನೊಂದು, ಕರೆಂಟ್ ಹೋದಾಗ ಎರಡೂ ಕಡೆಯಿಂದ ನೀರು ಸಂಪಿಗೆ ಇಳಿಯುತ್ತದೆ. ಸಂಪಿನಿಂದ ನೀರು ವಾಪಸ್ ತರುವ ರಿಟರ್ನ್ ಪೈಪಿನ ಬಾಯಿ ಟ್ಯಾಂಕಿನ ನೀರಿನ ಮಟ್ಟಕ್ಕಿಂತ ಒಂದು ಬೆರಳಷ್ಟೇ ಕೆಳಗಿದ್ದರೆ ಸಾಕಾ? ಸಂಪಿನಲ್ಲಿ ಎಷ್ಟು ಜಾಗ ಖಾಲಿ ಬಿಡಬೇಕು? ಮಾಡಿದವರು ದಯವಿಟ್ಟು ಪೈಪ್ ಜೋಡಣೆಯ ಫೋಟೋ ಹಾಕಿ.