ಸಹಾಯ ಬೇಕು: ಡೀಸೆಲ್ ಕಾರಿನ ಟರ್ಬೊ, ಚಿಕ್ಕಬಳ್ಳಾಪುರ

ಚಿಕ್ಕಬಳ್ಳಾಪುರ ಸುತ್ತಮುತ್ತ ಟರ್ಬೊ (ಎಂಜಿನ್‌ಗೆ ಗಾಳಿ ಒತ್ತಿ ತುಂಬೋ ಭಾಗ) ಬಿಚ್ಚಿ ಅದರ ಕೋರ್ (ಶಾಫ್ಟ್, ಬ್ಲೇಡು, ಬೇರಿಂಗ್ ಇರೋ ಒಳಭಾಗ) ಬದಲಿಸಿಕೊಡೋ ನಂಬಿಕಸ್ಥ ಮೆಕ್ಯಾನಿಕ್ ಗೊತ್ತಿದ್ರೆ ದಯವಿಟ್ಟು ತಿಳಿಸಿ.

1.5 ಲೀಟರ್ ಡೀಸೆಲ್, 1,20,000 ಕಿ.ಮೀ. ಆಗಿದೆ. ನಂದಿ ಬೆಟ್ಟದ ಏರಿನಲ್ಲಿ ಎಳೆತವೇ ಇಲ್ಲ, 2,000 ಆರ್‌ಪಿಎಂ ದಾಟಿದರೆ ಸೈರನ್ ಥರ ಕೂಗು, ಬೆಳಗ್ಗೆ ಸ್ಟಾರ್ಟ್ ಮಾಡಿದಾಗ ನೀಲಿ ಹೊಗೆ. ಇಂಟರ್‌ಕೂಲರ್ (ಟರ್ಬೊದಿಂದ ಬರೋ ಗಾಳಿ ತಣಿಸೋ ಭಾಗ) ಪೈಪ್ ಸೀಳಿದ್ರೂ ಎಳೆತ ಹೋಗುತ್ತೆ, ಆದ್ರೆ ಆಗ ಹೊಗೆ ಸಾಮಾನ್ಯವಾಗಿ ಕಪ್ಪು. ಪೈಪು, ಕ್ಲಿಪ್ಪು ನೋಡಿ ಆಯ್ತು, ಸರಿ ಇವೆ. ಏರ್ ಫಿಲ್ಟರ್ ಕಡೆಯ ಪೈಪ್ ಬಿಚ್ಚಿ ಟರ್ಬೊ ಶಾಫ್ಟ್ ಅಲ್ಲಾಡಿಸಿದರೆ ಬ್ಲೇಡು ಹೊರಕವಚ, ಅಂದ್ರೆ ಹೌಸಿಂಗ್‌ಗೆ ತಾಗುತ್ತಿದೆ. ಪಕ್ಕಕ್ಕೆ ತುಸು ಅಲ್ಲಾಡೋದು ಸಹಜ. ತಾಗಬಾರದು, ಹಿಂದೆ ಮುಂದೆ ಕೈಗೆ ಗೊತ್ತಾಗೋ ಹಾಗೆ ಆಡಲೂಬಾರದು. ಇಂಟರ್‌ಕೂಲರ್‌ನಲ್ಲಿ ಆಯಿಲ್ ನಿಂತಿದೆ, ಅದಕ್ಕೇ ಗಾಡಿ ಓಡಿಸ್ತಿಲ್ಲ. ಡೀಸೆಲ್ ಎಂಜಿನ್ ಆ ಆಯಿಲನ್ನೇ ಎಳೆದುಕೊಂಡು ಓಡೋಕೆ ಶುರುವಾದರೆ ಕೀ ತೆಗೆದರೂ ನಿಲ್ಲದೇ ಹೋಗಬಹುದು.

ಬರೀ ಟರ್ಬೊ ಬದಲಿಸಿ ಕಳಿಸೋರು ಬೇಡ. ಟರ್ಬೊಗೆ ಆಯಿಲ್ ತರೋ ಫೀಡ್ ಪೈಪಲ್ಲಿ ಮಸಿ ಕಟ್ಟಿದ್ರೆ ಆಯಿಲ್ ಸಾಲದೆ ಹೊಸದೂ ಬೇಗ ಹೋಗುತ್ತೆ. ಫೀಡ್ ಪೈಪ್ ಹೊಸದು ಹಾಕಿ, ಆಯಿಲ್ ವಾಪಸ್ ಹೋಗೋ ಡ್ರೇನ್ ಪೈಪ್, ಬ್ರೀದರ್ (ಎಂಜಿನ್ ಒಳಗಿನ ಗ್ಯಾಸ್ ಹೊರಬಿಡೋ ದಾರಿ), ಇಂಟರ್‌ಕೂಲರ್ ತೊಳೆದು, ಆಯಿಲ್, ಫಿಲ್ಟರ್ ಬದಲಿಸಿ, ಟರ್ಬೊ ಒಳಗೆ ಆಯಿಲ್ ಬಿಟ್ಟಮೇಲೇ ಸ್ಟಾರ್ಟ್ ಮಾಡೋರು ಬೇಕು.

ಕೋರ್ ಮಾತ್ರ ಹಾಕಿಸಿದವರು ಇದ್ದೀರಾ? ಬ್ಯಾಲೆನ್ಸಿಂಗ್ ರಿಪೋರ್ಟ್ (ಕೋರ್ ಅದುರದೆ ತಿರುಗುತ್ತಾ ಅಂತ ನೋಡಿದ ಪರೀಕ್ಷೆಯ ವರದಿ) ಕೊಟ್ರಾ, ಎಷ್ಟು ಖರ್ಚಾಯ್ತು, ಆಮೇಲೆ ಎಷ್ಟು ಕಿ.ಮೀ. ಓಡಿದೆ?